ಉಳ್ಳಾಗಡ್ಡಿ ಹೂ ಬಿಡಲಿ

ಮೇ ತಿಂಗಳು ಬಂತೆಂದರೆ ನೆದರ್ಲೆಂಡ್ಸ್, ಇಂಗ್ಲೆಂಡಿನ ತೋಟಗಳಲ್ಲಿ ಒಂದು ಹೂ ಎಲ್ಲರ ಕಣ್ಣು ಸೆಳೆಯುತ್ತದೆ. ಎದೆಮಟ್ಟಕ್ಕೆ ನೆಟ್ಟಗೆ ನಿಂತ ಎಲೆಯಿಲ್ಲದ ದಂಟು, ಅದರ ತುದಿಯಲ್ಲಿ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ನೇರಳೆ ಚೆಂಡು. ಹತ್ತಿರ ಹೋದರೆ ಆ ಚೆಂಡು ನೂರಾರು ಪುಟ್ಟ ನಕ್ಷತ್ರಗಳ ಗೊಂಚಲು. ಅದರ ಹೆಸರು ಆಲಿಯಂ. ವಸಂತದ ಟ್ಯೂಲಿಪ್ ಮುಗಿದು ಬೇಸಿಗೆಯ ಗುಲಾಬಿ ಇನ್ನೂ ಬಾರದ ನಡುವಿನ ತೆರವನ್ನು ಅದು ತುಂಬುತ್ತದೆ. ಆ ಚಿತ್ರಗಳು ಈಗ ಮೊಬೈಲಿನ ಮೂಲಕ ಹೊಸಪೇಟೆ, ಸಂಡೂರು, ಕಂಪ್ಲಿಯ ಹೂಗಿಡ ಪ್ರಿಯರನ್ನೂ ತಲುಪಿವೆ. ಗಡ್ಡೆಯನ್ನೋ ಬೀಜವನ್ನೋ ಮನೆ ಬಾಗಿಲಿಗೆ ತಂದುಕೊಡುವ ಆನ್‌ಲೈನ್ ಅಂಗಡಿಗಳೂ ಇವೆ. ಆ ಹೂವಿನ ಆಸೆ ತಪ್ಪಲ್ಲ, ಆದರೆ ಆ ಗಡ್ಡೆ ನಮ್ಮೂರಿಗೆ ಬೇಡ ಎಂಬುದು ಈ ಲೇಖನದ ವಾದ. ಆ ಆಸೆಯನ್ನು ಬಹುಪಾಲು ತೀರಿಸಬಲ್ಲ ಗಡ್ಡೆ ನಮ್ಮ ಅಡುಗೆಮನೆಯ ಬುಟ್ಟಿಯಲ್ಲೇ ಇದೆ. ಅದಕ್ಕೆ ಆಗದ್ದನ್ನು ಅದರ ದಾಯಾದಿ ಗಡ್ಡೆಗಳು ಮಾಡಿಕೊಡುತ್ತವೆ.

ಮೊದಲು ಗಡ್ಡೆಯೆಂದರೆ ಏನು ಎಂಬುದನ್ನು ನೋಡಬೇಕು. ನೀರಿಲ್ಲದ ಕಾಲವನ್ನು ಮಣ್ಣೊಳಗೆ ಮಲಗಿ ಕಳೆಯಲು ಗಿಡ ಕಟ್ಟಿಕೊಂಡ ಬುತ್ತಿ ಅದು. ತೋಟದ ಆಲಿಯಂಗಳಲ್ಲಿ ಹೆಸರಾದವು ಬಂದದ್ದು ಇರಾನ್, ಅಫ್ಘಾನಿಸ್ತಾನ, ತುರ್ಕಮೆನಿಸ್ತಾನದ ಬೆಟ್ಟದ ಇಳಿಜಾರುಗಳಿಂದ. ಅಲ್ಲಿ ಚಳಿಗಾಲದಲ್ಲಿ ಹಿಮ, ವಸಂತದಲ್ಲಿ ಅಷ್ಟು ತೇವ, ಬೇಸಿಗೆಯಲ್ಲಿ ಒಂದು ಹನಿಯೂ ಇಲ್ಲ. ಹಾಗಾಗಿ ಆ ಗಡ್ಡೆ ಬೇಸಿಗೆಯಲ್ಲಿ ಮಲಗುತ್ತದೆ, ಶರತ್ಕಾಲದಲ್ಲಿ ಬೇರು ಬಿಡುತ್ತದೆ, ಕೊರೆಯುವ ಚಳಿಯನ್ನು ಮಣ್ಣೊಳಗೆ ಅನುಭವಿಸುತ್ತದೆ, ಹಿಮ ಕರಗಿದ ಮೇಲೆ ಅವಸರದಲ್ಲಿ ಎಲೆ ಬಿಟ್ಟು ಹೂ ತೆಗೆದು ಬೀಜ ಕಟ್ಟಿ ಮತ್ತೆ ಮಲಗುತ್ತದೆ. ನಮ್ಮ ತುಂಗಭದ್ರಾ ಸೀಮೆಯ ಪಂಚಾಂಗ ಇದಕ್ಕೆ ತೀರ ತಿರುಗುಮುರುಗು. ನಮ್ಮಲ್ಲಿ ಒಣಗುವುದು ಚಳಿಗಾಲ ಮತ್ತು ವಸಂತ, ನೆನೆಯುವುದು ಜೂನ್‌ನಿಂದ ಅಕ್ಟೋಬರ್. ಆ ಗಡ್ಡೆ ಮಲಗಬೇಕಾದ ತಿಂಗಳಲ್ಲಿ ನಮ್ಮ ಮುಂಗಾರು ಅದನ್ನು ನೆನೆಸುತ್ತದೆ, ಅದು ಎದ್ದು ಬೆಳೆಯಬೇಕಾದ ತಿಂಗಳಲ್ಲಿ ನಮ್ಮ ಬಿಸಿಲು ಸುಡುತ್ತದೆ. ಎರೆ ಮಣ್ಣಿನಲ್ಲಿ ಜುಲೈ–ಆಗಸ್ಟಿನ ತೇವಕ್ಕೆ ಸಿಕ್ಕಿದ ಇರಾನಿನ ಗಡ್ಡೆ ಕೊಳೆಯುವುದು ತೋಟಗಾರನ ಅಜಾಗರೂಕತೆಯಿಂದಲ್ಲ. ಅದರ ಹುಟ್ಟಿನಲ್ಲೇ ಬರೆದದ್ದು ಅದು.

ಚಳಿಯ ಲೆಕ್ಕ ಇನ್ನೂ ಕಠಿಣ. ಈ ಆಲಿಯಂಗಳ ಗಡ್ಡೆಯೊಳಗೆ ದಂಟು ಉದ್ದವಾಗಿ ಏಳಬೇಕಾದರೆ ಸರಿಸುಮಾರು 10ರಿಂದ 14 ವಾರ 9–10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ಮಣ್ಣು ಬೇಕು. ಹೊಸಪೇಟೆಯಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವದಲ್ಲೂ ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹಗಲಿಗೆ ಅದೇ ಮಣ್ಣು ಬೆಚ್ಚಗಾಗಿಬಿಡುತ್ತದೆ. ಸಂಡೂರಿನ ಬೆಟ್ಟಗಳ ಮೇಲೆ ನಾಲ್ಕಾರು ಡಿಗ್ರಿ ತಂಪು ಹೆಚ್ಚಿರಬಹುದು, ಅದೂ ಸಾಲದು. ಇನ್ನೊಂದು ಕೊರತೆ ಹಗಲಿನ ಉದ್ದದ್ದು. ಆಮ್‌ಸ್ಟರ್‌ಡ್ಯಾಮ್ ಇರುವುದು ಉತ್ತರಕ್ಕೆ 52 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಮೇ ಕೊನೆಗೆ ಹದಿನಾರು ಗಂಟೆ ಹಗಲು. ಹೊಸಪೇಟೆ 15 ಡಿಗ್ರಿಯಲ್ಲಿದೆ, ನಮ್ಮ ವರ್ಷದ ಅತಿ ದೊಡ್ಡ ಹಗಲು 13 ಗಂಟೆ.

ಈ ಲೆಕ್ಕ ನಮ್ಮ ರೈತರಿಗೆ ಹೊಸದಲ್ಲ ಎಂಬುದನ್ನು ಗಮನಿಸಿ. ಯುರೋಪಿನ ದೊಡ್ಡ ಹಗಲಿನ ಈರುಳ್ಳಿ ತಳಿಗಳನ್ನು ಇಲ್ಲಿ ಬಿತ್ತಿದರೆ ಎಲೆ ಹುಲುಸಾಗಿ ಬರುತ್ತದೆ, ಗಡ್ಡೆ ಕಟ್ಟುವುದಿಲ್ಲ. ಆ ತಳಿಗಳಿಗೆ ಗಡ್ಡೆ ಕಟ್ಟಲು 14 ಗಂಟೆಗೂ ಹೆಚ್ಚಿನ ಹಗಲು ಬೇಕು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಹೊಲಗಳಲ್ಲಿ ಬೆಳೆಯುವುದು ಹನ್ನೊಂದು–ಹನ್ನೆರಡು ಗಂಟೆಯ ಹಗಲಿಗೇ ಗಡ್ಡೆ ಕಟ್ಟುವ ತಳಿಗಳನ್ನು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ನಿಕೇತನ, ಅರ್ಕಾ ಕಲ್ಯಾಣ ತಳಿಗಳೂ ಇಂಥವೇ. ಬೇಸಾಯದಲ್ಲಿ ನಾವು ಇಷ್ಟು ಎಚ್ಚರದಿಂದ ಅಕ್ಷಾಂಶ ನೋಡುತ್ತೇವೆ, ಹೂದೋಟಕ್ಕೆ ಬಂದಾಗ ಮಾತ್ರ ಬಣ್ಣದ ಚಿತ್ರ ನೋಡಿ ಹಣ ಕಳಿಸುತ್ತೇವೆ. ಹೊಲಕ್ಕೆ ಇರುವ ವಿವೇಕ ಅಂಗಳಕ್ಕೂ ಇರಬೇಕು ಎಂದು ಕೇಳುವುದು ಅತಿಯಾಗಲಾರದು.

ಈಗ ಅಡುಗೆಮನೆಯ ಬುಟ್ಟಿಗೆ ಬರೋಣ. ಆಲಿಯಂ ಎಂಬುದು ಎಂಟುನೂರಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಕುಲ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲವೆಂದು ಕೊರಗಬೇಕಿಲ್ಲ, 'ಉಳ್ಳಿ' ಎಂಬ ಹಳೆಯ ಮಾತೇ ಇದೆ. ನೀರು ತುಂಬಿದ್ದು ನೀರುಳ್ಳಿ, ಅದೇ ಈರುಳ್ಳಿ, ಬೆಳ್ಳಗಿನದು ಬೆಳ್ಳುಳ್ಳಿ, ನಮ್ಮ ಕಡೆ ಗಡ್ಡೆಯನ್ನೇ ಹೆಸರಿಗೆ ಸೇರಿಸಿ ಉಳ್ಳಾಗಡ್ಡಿ. ಯುರೋಪಿನವರು ಆಳುದ್ದದ ದಂಟಿನ ಮೇಲೆ ಮೆರೆಸುವ ನೇರಳೆ ಚೆಂಡೂ, ರೊಟ್ಟಿಯ ಜೊತೆ ನಾವು ಕಚ್ಚಿ ತಿನ್ನುವ ಗಡ್ಡೆಯೂ ಒಂದೇ ಕುಲದವು. ಈ ಸೀಮೆಗೂ ಉಳ್ಳಾಗಡ್ಡಿಗೂ ಇರುವ ನಂಟು ಹೊರಗಿನವರ ಮಾತಿನಲ್ಲೂ ಉಳಿದಿದೆ. ತಮಿಳುನಾಡಿನ ಸಂತೆಗಳಲ್ಲಿ ಸಾಂಬಾರಿನ ಸಣ್ಣ ಈರುಳ್ಳಿಯಿಂದ ಬೇರೆ ಮಾಡಿ ಹೇಳಲು ದೊಡ್ಡ ಈರುಳ್ಳಿಯನ್ನು 'ಬಳ್ಳಾರಿ' ಎಂದೇ ಕರೆಯುತ್ತಾರೆ. ಒಂದು ಜಿಲ್ಲೆಯ ಹೆಸರು ಪಕ್ಕದ ರಾಜ್ಯದಲ್ಲಿ ಒಂದು ತರಕಾರಿಯ ಹೆಸರಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಹೊಸಪೇಟೆ 2021ರಲ್ಲಿ ವಿಜಯನಗರ ಎಂಬ ಬೇರೆ ಜಿಲ್ಲೆಗೆ ಕೇಂದ್ರವಾಯಿತು. 'ಬಳ್ಳಾರಿ' ಎಂಬ ಆ ಹೆಸರಿನ ಹಿಂದಿನ ಹೊಲಗಳಲ್ಲಿ ಬಹಳಷ್ಟು ಈಗ ಈ ಹೊಸ ಜಿಲ್ಲೆಯಲ್ಲಿವೆ.

ಆದರೂ ಉಳ್ಳಾಗಡ್ಡಿಯ ಹೂವನ್ನು ನಿಂತು ನೋಡಿದವರು ನಮ್ಮಲ್ಲಿ ಕಡಿಮೆ. ಇದಕ್ಕೆ ಕಾರಣವೂ ಬೇಸಾಯವೇ. ಹಿಂಗಾರಿನ ಬೆಳೆಯಲ್ಲಿ ಗಡ್ಡೆ ಬಲಿಯುವ ಮೊದಲೇ ದಂಟು ಎದ್ದರೆ ಅದು ರೈತನಿಗೆ ನಷ್ಟ. ದಂಟು ಬಂದ ಗಡ್ಡೆಯ ನಡುಭಾಗ ಗಟ್ಟಿಯಾಗುತ್ತದೆ, ಬಹುಕಾಲ ಇಡಲು ಬರುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆಯೂ ಇಳಿಯುತ್ತದೆ. ಹೀಗಾಗಿ ಹೂ ಕಂಡಕೂಡಲೇ ಚಿವುಟುವುದು ರೂಢಿ. ಬೀಜಕ್ಕೆಂದೇ ಬೆಳೆಯುವ ಹೊಲಗಳಲ್ಲಿ ಮಾತ್ರ ಹೂವಿಗೆ ಪೂರ್ಣ ಆಯುಷ್ಯ ಸಿಗುತ್ತದೆ. ಈರುಳ್ಳಿ ಎರಡು ಋತುವಿನ ಗಿಡ. ಬೀಜದಿಂದ ಮೊದಲ ವರ್ಷ ಗಡ್ಡೆ. ಆ ಗಡ್ಡೆಯನ್ನು ಮತ್ತೆ ನೆಟ್ಟರೆ ಎರಡನೇ ಋತುವಿನಲ್ಲಿ ಹೂ. ಸಮಶೀತೋಷ್ಣ ದೇಶದ ಈರುಳ್ಳಿಗೂ ಹೂ ಬಿಡಲು ಕಟುಚಳಿ ಬೇಕು. ನಮ್ಮ ತಳಿಗಳು ತಲೆಮಾರುಗಳಿಂದ ಬೆಚ್ಚಗಿನ ನೆಲದಲ್ಲಿ ಆಯ್ಕೆಯಾಗಿ ಬಂದದ್ದರಿಂದ ಚಳಿಗಾಲದ ಸಾಧಾರಣ ತಂಪೇ ಅವಕ್ಕೆ ಸಾಕು. ಡಚ್ ತೋಟದ ಆಲಿಯಂ ಗಡ್ಡೆಗೆ ನಾವು ಕೊಡಲಾರದ್ದನ್ನು ನಮ್ಮ ಗಡ್ಡೆ ಕೇಳುವುದೇ ಇಲ್ಲ. ನನ್ನ ವಾದದ ಮುಖ್ಯ ಆಧಾರ ಇದೇ.

ಹೂವಿನ ರೂಪವನ್ನೇ ನೋಡಿ. ದಂಟು ಟೊಳ್ಳು, ನಡುವಿನ ಸ್ವಲ್ಪ ಕೆಳಗೆ ಉಬ್ಬು, ಮೂರು ಅಡಿ ದಾಟಿ ಬೆಳೆಯುತ್ತದೆ. ತುದಿಯಲ್ಲಿ ಕಾಗದದಂಥ ಪೊರೆ ಸುತ್ತಿದ ಮೊಗ್ಗು, ದೀಪದ ಕುಡಿಯಂತೆ ಮೇಲಕ್ಕೆ ಚೂಪು. ಪೊರೆ ಒಂದು ದಿನ ಬಿರಿಯುತ್ತದೆ, ಒಳಗಿನಿಂದ ಹಸಿರು ಕಾಳಿನಂಥ ನೂರಾರು ಮೊಗ್ಗು ಹೊರಬರುತ್ತವೆ. ಒಂದು ಚೆಂಡಿನಲ್ಲಿ ಇನ್ನೂರರಿಂದ ಆರುನೂರು ಹೂಗಳಿರುವುದು ಸಾಮಾನ್ಯ. ಕೆಲವದರಲ್ಲಿ ಸಾವಿರ ದಾಟುವುದೂ ಉಂಟು. ಪ್ರತಿ ಹೂವಿಗೂ ಆರು ಬಿಳಿ ಎಸಳು, ಪ್ರತಿ ಎಸಳಿನ ನಡುವೆ ಒಂದು ಹಸಿರು ಗೆರೆ. ಎಲ್ಲವೂ ಒಟ್ಟಿಗೆ ಅರಳದೆ ಮೂರು–ನಾಲ್ಕು ವಾರ ಸರದಿಯ ಮೇಲೆ ಅರಳುತ್ತವೆ. ಒಂದು ದೊಡ್ಡ ಗಡ್ಡೆಯಿಂದ ನಾಲ್ಕಾರು ದಂಟು ಏಳುವುದರಿಂದ ಹತ್ತು ಗಡ್ಡೆ ನೆಟ್ಟರೂ ಒಂದು ಸಾಲು ತುಂಬುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ ಆ ಸಾಲು ಕೆಂಪು ಮಣ್ಣಿನ ಮೇಲೆ ಬೆಳ್ಳಗೆ ನಿಂತಾಗ ಅದನ್ನು ಚೆಲುವಲ್ಲ ಎನ್ನುವುದು ಕಷ್ಟ.

ಆ ಹೂವಿನೊಳಗಿನ ಕೆಲಸವೂ ಸ್ವಾರಸ್ಯವಾದದ್ದು. ಪ್ರತಿ ಹೂವಿನಲ್ಲೂ ಪರಾಗ ಮೊದಲು ಉದುರುತ್ತದೆ, ಶಲಾಕೆ ಆಮೇಲೆ ಹದಕ್ಕೆ ಬರುತ್ತದೆ. ಹಾಗಾಗಿ ತನ್ನ ಪರಾಗ ತನಗೇ ಸಿಗುವುದಿಲ್ಲ. ಬೇರೆ ಹೂವಿನಿಂದ ಜೇನು, ನೊಣಗಳು ತರಬೇಕು. ಈರುಳ್ಳಿಯ ಮಕರಂದದಲ್ಲಿ ಪೊಟ್ಯಾಸಿಯಂ ಅಂಶ ಹೆಚ್ಚು, ಪಕ್ಕದಲ್ಲಿ ಬೇರೆ ಒಳ್ಳೆಯ ಹೂವಿದ್ದರೆ ಜೇನು ಅದರ ಕಡೆ ಹೋಗುತ್ತದೆ ಎಂಬುದು ಬೀಜ ಬೆಳೆಯುವವರಿಗೆ ಗೊತ್ತಿರುವ ತಲೆನೋವು. ಆದರೆ ಜನವರಿ ಕಳೆದ ಮೇಲೆ ನಮ್ಮ ಒಣ ಅಂಗಳಗಳಲ್ಲಿ ಪೈಪೋಟಿಗೆ ಹೂವೇ ಕಡಿಮೆ. ತುಡುವೆ, ಕೋಲುಜೇನು, ಹೆಜ್ಜೇನು ಮೂರಕ್ಕೂ ಆ ಬಿಳಿ ಚೆಂಡು ಒದಗುತ್ತದೆ. 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಹೆನ್ರಿ ಜೋನ್ಸ್ ಎಂಬ ವಿಜ್ಞಾನಿ ಪರಾಗವೇ ಇಲ್ಲದ ಒಂದು ಈರುಳ್ಳಿ ಗಿಡವನ್ನು ಗುರುತಿಸಿದರು. ಹೈಬ್ರಿಡ್ ಈರುಳ್ಳಿ ಬೀಜದ ಉದ್ಯಮ ಶುರುವಾದದ್ದು ಆ ಒಂದು ಗಿಡದಿಂದ. ಹೂವನ್ನು ಚಿವುಟದೆ ನಿಂತು ನೋಡಿದ್ದರ ಫಲ ಅದು.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳುವುದು ನ್ಯಾಯವೂ ಹೌದು. ನಮ್ಮ ಸೀಮೆಯಲ್ಲಿ ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ನೆಟ್ಟ ಗಡ್ಡೆ ಹೂ ಬಿಡುವುದು ಜನವರಿ–ಫೆಬ್ರುವರಿಯಲ್ಲಿ. ಬೀಜ ಒಣಗುವುದು ಮಾರ್ಚ್–ಏಪ್ರಿಲ್ ಹೊತ್ತಿಗೆ. ಆಲಿಯಂನ ಸೊಗಸಿರುವುದು ವಸಂತದ ಕೊನೆಯಲ್ಲಿ, ಮೇ ತಿಂಗಳಲ್ಲಿ. ಉಳ್ಳಾಗಡ್ಡಿ ಆ ಹೊತ್ತಿಗೆ ಮುಗಿದಿರುತ್ತದಲ್ಲ? ಮುಗಿದಿರುತ್ತದೆ, ನಿಜ. ಒಣಗಿದ ಚೆಂಡು ಮಾತ್ರ ಉಳಿಯುತ್ತದೆ. ಅದನ್ನು ಯುಗಾದಿಯ ಹೊತ್ತಿಗೆ ದಂಟಿನ ಸಮೇತ ಕೊಯ್ದು ಹೂದಾನಿಯಲ್ಲಿಟ್ಟರೆ ಬಂಗಾರದ ಬಣ್ಣದ ಒಣಹೂವಾಗಿ ತಿಂಗಳುಗಟ್ಟಲೆ ಇರುತ್ತದೆ. ಆದರೆ ಅಂಗಳದ ಮೇ ತಿಂಗಳು ಖಾಲಿಯಾಗಬಾರದು ಎನ್ನುವವರಿಗೆ ಈ ಉತ್ತರ ಸಾಲದು. ಅವರಿಗಾಗಿ ಉಳ್ಳಿಯ ದಾಯಾದಿಗಳನ್ನು ಕರೆಯಬೇಕು.

ಸಸ್ಯವಿಜ್ಞಾನಿಗಳು ಒಂದು ಕಾಲದಲ್ಲಿ ಉಳ್ಳಿಯನ್ನು ಲಿಲ್ಲಿಯ ಕುಟುಂಬಕ್ಕೆ ಸೇರಿಸಿದ್ದರು, ಆಮೇಲೆ ಅದಕ್ಕೆ ಪ್ರತ್ಯೇಕ ಕುಟುಂಬವನ್ನೇ ಕೊಟ್ಟರು. ವಂಶವಾಹಿಗಳ ಹೋಲಿಕೆಯನ್ನು ಆಧರಿಸಿ 2009ರಲ್ಲಿ ಆದ ಮರುವಿಂಗಡಣೆಯಲ್ಲಿ ಉಳ್ಳಿಗಳನ್ನು ಅಮರಿಲ್ಲಿಸ್ ಕುಟುಂಬದ ಒಂದು ಶಾಖೆಯಾಗಿ ಇಟ್ಟರು. ಹೂದೋಟದವರಿಗೆ ಇದರಿಂದ ಒಂದು ಲಾಭವಾಯಿತು. ನಮ್ಮ ಅಂಗಳಗಳಲ್ಲಿ 'ಮೇ ಫ್ಲವರ್' ಎಂದು ಕರೆಯುವ ಕೆಂಪು ಚೆಂಡಿನ ಹೂ, ಅಂದರೆ ಸ್ಕ್ಯಾಡಾಕ್ಸಸ್, ಈಗ ಉಳ್ಳಾಗಡ್ಡಿಯ ಅಧಿಕೃತ ಸಂಬಂಧಿ. ಗುಲ್‌ಮೊಹರ್‌ ಮರಕ್ಕೂ ಅದೇ ಹೆಸರು ರೂಢಿಯಲ್ಲಿದೆ, ನಾನು ಹೇಳುತ್ತಿರುವುದು ಗಡ್ಡೆಯದು. ಚಳಿಗಾಲದಲ್ಲಿ ಅದರ ಎಲೆಗಳೆಲ್ಲ ಒಣಗಿ ಕುಂಡ ಬರಿದಾಗಿ ಕಾಣುತ್ತದೆ, ಎಷ್ಟೋ ಜನ ಸತ್ತಿತೆಂದು ಮಣ್ಣು ಚೆಲ್ಲುವುದೂ ಉಂಟು. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಅಡ್ಡಮಳೆಯ ನಾಲ್ಕು ಹನಿ ಬಿದ್ದದ್ದೇ ತಡ, ಎಲೆಗಿಂತ ಮೊದಲೇ ದಪ್ಪ ದಂಟೊಂದು ಮಣ್ಣು ಸೀಳಿ ಬರುತ್ತದೆ. ಅದರ ತುದಿಯಲ್ಲಿ ಇನ್ನೂರರವರೆಗೆ ಕೆಂಪು ಹೂಗಳ ಗುಂಡನೆಯ ಗೊಂಚಲು. ಆಲಿಯಂನಲ್ಲಿ ಕಣ್ಣು ಸೆಳೆಯುವುದು ಏನು? ಬರಿದಂಟಿನ ಮೇಲೆ ದುಂಡು ಚೆಂಡು, ವಸಂತದ ಕೊನೆ, ಗಡ್ಡೆಯೊಳಗಿನಿಂದ ಹಠಾತ್ತಾಗಿ ಎದ್ದುಬರುವ ಬೆರಗು. ಈ ಮೂರೂ ಇದರಲ್ಲಿವೆ. ಇಲ್ಲದ್ದು ನೇರಳೆ ಬಣ್ಣ ಮಾತ್ರ. ಅದಕ್ಕೂ ದಾರಿಯಿದೆ. ದಕ್ಷಿಣ ಆಫ್ರಿಕಾದ ಟುಲ್ಬಾಗಿಯಾ ಎಂಬ ಇದೇ ಕುಟುಂಬದ ಗಿಡ ತಿಳಿನೇರಳೆ ಹೂ ಬಿಡುತ್ತದೆ, ಬಿಸಿಲು ತಾಳುತ್ತದೆ, ಎಲೆ ಮುರಿದರೆ ಬೆಳ್ಳುಳ್ಳಿಯ ವಾಸನೆ. ಚೀನಾ ಕಡೆಯ ಬೆಳ್ಳುಳ್ಳಿ ಸೊಪ್ಪು, ಅಂದರೆ ಆಲಿಯಂ ಟ್ಯುಬೆರೋಸಂ, ಚಳಿ ಕೇಳದೆಯೇ ಬಿಳಿ ನಕ್ಷತ್ರಗಳ ಗೊಂಚಲು ಕೊಡುತ್ತದೆ. ಅಪ್ಪಟ ಆಲಿಯಂ ಬೇಕೇ ಬೇಕು ಎನ್ನುವವರು ಕುಂಡದಲ್ಲಿ ಬೆಳೆಯಬೇಕಾದದ್ದು ಅದನ್ನು.

ಮಳೆ ಲಿಲ್ಲಿಯೂ ಇದೇ ಬಳಗದ್ದು. ಬಹಳ ದಿನ ಒಣಗಿ ಆಮೇಲೆ ಒಂದು ಒಳ್ಳೆಯ ಮಳೆ ಬಿದ್ದರೆ ನಾಲ್ಕೈದು ದಿನಕ್ಕೆ ಗುಲಾಬಿ ಬಣ್ಣದ ಹೂ ಸಾಲುಸಾಲಾಗಿ ಏಳುತ್ತದೆ. ಒಣಗುವುದೇ ಅದಕ್ಕೆ ಹೂ ಬಿಡುವ ಸನ್ನೆ. ನಮ್ಮ ಬೇಸಿಗೆಯಲ್ಲಿ ನಾವು ಶಾಪವೆಂದುಕೊಂಡದ್ದನ್ನು ಅದು ಬಳಸಿಕೊಳ್ಳುತ್ತದೆ. ದಕ್ಷಿಣ ಭಾರತದ ಹೊಳೆದಂಡೆ, ಕೆರೆಯಂಗಳಗಳಲ್ಲಿ ತಾನಾಗಿ ಬೆಳೆಯುವ ಕ್ರೈನಮ್ ಸಹ ಇದೇ ಕುಟುಂಬ. ಇನ್ನು ಒಣಬೆಟ್ಟಗಳ ಕಾಡು ಈರುಳ್ಳಿಯ ವಿಚಾರ. ನೋಡಲು ಉಳ್ಳಾಗಡ್ಡಿಯೇ, ಬೇಸಿಗೆಯಲ್ಲಿ ಎಲೆಗಿಂತ ಮೊದಲು ಹೂದಂಟು ಏಳುತ್ತದೆ. ಆದರೆ ಅದು ಬೇರೆ ಕುಟುಂಬದ ಗಿಡ, ಗಡ್ಡೆಯಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಅದನ್ನು ಬೆಟ್ಟದಲ್ಲೇ ಬಿಡಬೇಕು. ಗಣಿಗಾರಿಕೆಯಿಂದ ಮೊದಲೇ ಮೈ ಸುಲಿಸಿಕೊಂಡಿರುವ ಸಂಡೂರಿನ ಕಾಡುಗಳಿಂದ ಹೂದೋಟದ ನೆಪದಲ್ಲಿ ಗಡ್ಡೆ ಕಿತ್ತು ತರುವುದು ಯಾವ ಕಾರಣಕ್ಕೂ ಸಲ್ಲದು.

ಫ್ರಿಜ್ ಇದೆಯಲ್ಲ, ಅದರಲ್ಲಿಟ್ಟು ಡಚ್ ಗಡ್ಡೆಗೆ ಚಳಿ ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಹುದು. ಕಾಗದದ ಚೀಲದಲ್ಲಿ ಮೂರು ತಿಂಗಳು, ಪಕ್ಕದಲ್ಲಿ ಬಾಳೆಹಣ್ಣು, ಸೇಬು ಇಡದೆ. ಹಣ್ಣು ಮಾಗುವಾಗ ಹೊರಬರುವ ಎಥಿಲೀನ್ ಅನಿಲ ಒಳಗಿನ ಹೂಮೊಗ್ಗನ್ನು ಕೊಲ್ಲುತ್ತದೆ. ಚಳಿಯೇನೋ ಸಿಕ್ಕಿತು. ಆದರೆ ಹೊರತೆಗೆದು ನೆಟ್ಟ ಮೇಲೆ ಅದಕ್ಕೆ ಇನ್ನೂ ಎರಡು–ಮೂರು ತಿಂಗಳು ತಂಪು ಹವೆ ಬೇಕು, ನಮ್ಮಲ್ಲಿ ಫೆಬ್ರುವರಿ ಮುಗಿಯುವಷ್ಟರಲ್ಲಿ ಹಗಲಿನ ಬಿಸಿ 33–35 ಡಿಗ್ರಿ ಮುಟ್ಟಿರುತ್ತದೆ. ಎಲೆಯ ತುದಿ ಸುಟ್ಟು, ದಂಟು ಗಿಡ್ಡವಾಗಿ, ಚೆಂಡು ನೆಲ್ಲಿಕಾಯಿಯಷ್ಟಾಗಿ ಮುಗಿಯುವ ಸಂಭವವೇ ಹೆಚ್ಚು. ಒಂದುವೇಳೆ ಚೆನ್ನಾಗಿಯೇ ಅರಳಿತು ಎನ್ನೋಣ. ಎಲೆ ಬೇಗ ಒಣಗಿದ್ದರಿಂದ ಮುಂದಿನ ವರ್ಷಕ್ಕೆ ಗಡ್ಡೆ ಬುತ್ತಿ ಕಟ್ಟಿಕೊಂಡಿರುವುದಿಲ್ಲ, ಮುಂಗಾರಿಗೆ ಕೊಳೆಯುತ್ತದೆ. ಮುಂದಿನ ವರ್ಷ ಮತ್ತೆ ಹೊಸ ಗಡ್ಡೆ, ಮತ್ತೆ ಹಣ. ಪ್ರದರ್ಶನಕ್ಕೆಂದು ಒಂದು ಕುಂಡ ಅರಳಿಸುವ ಹಟ ಇರುವವರಿಗೆ ಅದು ಸರಿ. ತೋಟ ಎಂದರೆ ವರ್ಷದಿಂದ ವರ್ಷಕ್ಕೆ ತಾನೇ ಬೆಳೆದು ತುಂಬಿಕೊಳ್ಳುವುದು ಎಂದು ನಂಬುವವರಿಗೆ ಅದು ದಾರಿಯಲ್ಲ.

ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ. ಡಚ್ ಗಡ್ಡೆ ಪರದೇಶದ್ದು ಎಂದು ಬೇಡವೆನ್ನುತ್ತೀರಿ, ಆಫ್ರಿಕಾದ ಮೇ ಫ್ಲವರ್, ಅಮೆರಿಕದ ಮಳೆ ಲಿಲ್ಲಿ ಮಾತ್ರ ಹೇಗೆ ಬೇಕಾದವು? ಪರದೇಶದ್ದು ಎಂಬ ಕಾರಣಕ್ಕೆ ನಾನು ಯಾವ ಗಿಡವನ್ನೂ ಬೇಡವೆನ್ನುತ್ತಿಲ್ಲ. ಉಳ್ಳಾಗಡ್ಡಿಯೇ ಮಧ್ಯ ಏಷ್ಯಾದ ಕಡೆಯಿಂದ ಬಂದದ್ದು, ನಮ್ಮ ಮೆಣಸಿನಕಾಯಿ ಸಮುದ್ರ ದಾಟಿ ಬಂದದ್ದು. ಹಂಪಿಯ ಚರಿತ್ರೆಯೂ ಹೂವಿನ ವಿಷಯದಲ್ಲಿ ಬಾಗಿಲು ಮುಚ್ಚಿದ್ದಲ್ಲ. 1443ರಲ್ಲಿ ಎರಡನೇ ದೇವರಾಯನ ಕಾಲದಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ವಿಜಯನಗರದ ಬೀದಿಗಳಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು, ಇಲ್ಲಿನ ಜನಕ್ಕೆ ಅನ್ನದಷ್ಟೇ ಅದೂ ಅಗತ್ಯವೆಂದು ಬರೆದಿಟ್ಟ. ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಗುಲಾಬಿಯನ್ನೂ ತೋಟಗಳನ್ನೂ ನೆನೆದಿದ್ದಾನೆ. ಹೂವಿನಹಡಗಲಿಯಿಂದ ತುಂಗಭದ್ರೆಯಲ್ಲಿ ಹಡಗಿನ ಮೇಲೆ ರಾಜಧಾನಿಗೆ ಹೂ ಬರುತ್ತಿತ್ತೆಂಬ ಪ್ರತೀತಿ ಇಂದಿಗೂ ಇದೆ, ಆ ಊರಿನ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಯಾವ ದೇಶದ್ದು ಎಂಬುದಕ್ಕಿಂತ ಯಾವ ಋತುಮಾನದ್ದು ಎಂಬ ಪ್ರಶ್ನೆ ದೊಡ್ಡದು. ಚಳಿಗಾಲದಲ್ಲಿ ಒಣಗಿ ಮಲಗಿ ಮಳೆಗೆ ಏಳುವ ಗಡ್ಡೆ ಎಲ್ಲಿಂದ ಬಂದರೂ ಇಲ್ಲಿ ಬಾಳುತ್ತದೆ. ಆಫ್ರಿಕಾದ ಹುಲ್ಲುಗಾವಲಿನ ಪಂಚಾಂಗ ನಮ್ಮದಕ್ಕೆ ಹತ್ತಿರ, ಇರಾನಿನ ಹಿಮಬೆಟ್ಟದ್ದು ದೂರ.

ಉಳ್ಳಾಗಡ್ಡಿ ಹೂವಿನ ಬಗ್ಗೆ ಮನೆಯೊಳಗಿಂದಲೇ ಏಳುವ ಮಾತುಗಳೂ ಇವೆ. ತಾಮಸದ ಗಿಡ, ದೇವರ ಮುಡಿಗೇರದ ಹೂ, ಅಂಗಳದಲ್ಲಿ ಯಾಕೆ ಎಂದು ಹಿರಿಯರು ಕೇಳಬಹುದು. ಪೂಜೆಗೆ ಬೇಡ, ಒಪ್ಪಿದೆ. ಬೋಗನ್‌ವಿಲ್ಲಾ, ಕ್ರೋಟನ್ ಪೂಜೆಗೆ ಹೋಗುತ್ತವೆಯೇ? ಅವನ್ನು ಬಾಗಿಲಲ್ಲೇ ಬೆಳೆಸಿದ್ದೇವೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ಪಾತಿಯನ್ನು ತುಳಸಿಯ ಕಡೆ ಇಟ್ಟು ಉಳ್ಳಾಗಡ್ಡಿಯನ್ನು ಹಿತ್ತಲಿನ ಬೇಲಿಗೆ ಹೊಂದಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ಕಿಲೋಗೆ ಬೆಲೆ ಏರಿ ಜನ ಕಂಗಾಲಾಗುವ ವರ್ಷದಲ್ಲಿ ಹೂವಿಗಾಗಿ ಗಡ್ಡೆ ಹಾಳುಮಾಡುವುದೇ ಎಂಬುದು ಇನ್ನೊಂದು ಮಾತು. ಮೊಳಕೆ ಒಡೆದು ಅಡುಗೆಗೆ ಒದಗದೆ ಬುಟ್ಟಿಯ ತಳದಲ್ಲಿ ಉಳಿಯುವ ಗಡ್ಡೆಗಳೇ ಇದಕ್ಕೆ ಸಾಕು. ತಿಪ್ಪೆಗೆ ಹೋಗುವುದನ್ನು ಮಣ್ಣಿಗೆ ಇಡುವುದಷ್ಟೆ. ಅಲ್ಲದೆ ಹೂ ಬರುವವರೆಗೆ ಒಂದೆರಡು ಎಲೆ ಮುರಿದುಕೊಂಡರೆ ಊಟಕ್ಕೆ ಹಸಿ ತಪ್ಪಲೂ ಆಯಿತು. ಎಲ್ಲ ಎಲೆಯನ್ನೂ ಕಿತ್ತರೆ ಮಾತ್ರ ಚೆಂಡು ಸೊರಗುತ್ತದೆ.

ನಿಜವಾಗಿಯೂ ಎಚ್ಚರ ಬೇಕಾದ ಜಾಗ ಎರಡು. ಸುತ್ತಮುತ್ತ ಯಾರಾದರೂ ಈರುಳ್ಳಿಯ ಬೀಜೋತ್ಪಾದನೆ ಮಾಡುತ್ತಿದ್ದರೆ ನಮ್ಮ ಅಂಗಳದ ಹೂವಿನ ಪರಾಗ ಜೇನಿನ ಕಾಲಿಗೆ ಅಂಟಿ ಅವರ ಹೊಲ ಸೇರಬಹುದು. ಪ್ರಮಾಣಿತ ಬೀಜಕ್ಕೆ ಬೇರೆ ತಳಿಯ ಹೂವಿನಿಂದ 500 ಮೀಟರ್, ಮೂಲಬೀಜಕ್ಕೆ 1,000 ಮೀಟರ್ ಅಂತರವನ್ನು ಬೀಜದ ನಿಯಮಗಳೇ ಕೇಳುತ್ತವೆ. ಹೊಸಪೇಟೆಯ ಬಡಾವಣೆಗಳಲ್ಲಿ ಈ ಚಿಂತೆಯಿಲ್ಲ. ಹಳ್ಳಿಗಳಲ್ಲಿ ಪಕ್ಕದ ಹೊಲದವರನ್ನು ಒಮ್ಮೆ ಕೇಳಿ ನೆಡಬೇಕು, ಬೀಜದ ಬೆಳೆಯಿದ್ದರೆ ಆ ವರ್ಷ ಬಿಟ್ಟುಬಿಡಬೇಕು. ರೈತನ ಬದುಕಿಗಿಂತ ನಮ್ಮ ಚೆಂದ ದೊಡ್ಡದಲ್ಲ. ಎರಡನೆಯದು ವಿಷ. ಮೇ ಫ್ಲವರ್, ಮಳೆ ಲಿಲ್ಲಿ, ಕ್ರೈನಮ್‌ಗಳ ಗಡ್ಡೆ ತಿಂದರೆ ವಾಂತಿ, ಹೊಟ್ಟೆನೋವು ಖಚಿತ, ಹೆಚ್ಚಾದರೆ ಜೀವಕ್ಕೂ ಅಪಾಯ. ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಎರಡನ್ನೂ ಒಂದೇ ಪಾತಿಯಲ್ಲಿ ನೆಡಬಾರದು, ಕಿತ್ತ ಗಡ್ಡೆಗಳನ್ನು ಅಡುಗೆಮನೆಯ ಹತ್ತಿರ ಒಣಗಿಸಬಾರದು, ಮಕ್ಕಳಿಗೂ ದನಕರುಗಳಿಗೂ ಸಿಗುವಂತೆ ಬಿಡಬಾರದು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಅವುಗಳ ರಕ್ತಕ್ಕೆ ಆಗದ ವಸ್ತು ಎಂಬುದು ನೆನಪಿರಲಿ.

ನೆಡುವ ಕ್ರಮದಲ್ಲಿ ಗುಟ್ಟೇನಿಲ್ಲ. ಮಸಾರಿ ಮಣ್ಣು ಒಳ್ಳೆಯದು, ನೀರು ನಿಲ್ಲುವುದಿಲ್ಲ. ಎರೆ ಭೂಮಿಯಾದರೆ ಒಂದು ಗೇಣು ಎತ್ತರದ ಮಡಿ ಮಾಡಿ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಕೊಳೆಯಿಲ್ಲದ ಗಟ್ಟಿ ಗಡ್ಡೆ ಆರಿಸಿ, ಮೇಲಿನ ಮೂರನೆಯ ಒಂದು ಭಾಗ ಕತ್ತರಿಸಿ ನೆಟ್ಟರೆ ಮೊಳಕೆ ಬೇಗ, ಒಟ್ಟಿಗೆ ಬರುತ್ತದೆ. ಬೀಜ ಬೆಳೆಯುವವರು ಅನುಸರಿಸುವ ಕ್ರಮ ಇದು. ಗಡ್ಡೆಯಿಂದ ಗಡ್ಡೆಗೆ ಒಂದು ಅಡಿ. ವಾರಕ್ಕೊಮ್ಮೆ ನೀರು, ಚಳಿ ಹೆಚ್ಚಿದ್ದಾಗ ಇನ್ನೂ ಕಡಿಮೆ. ಎಲೆಯ ಮೇಲೆ ನೇರಳೆ ಮಚ್ಚೆ ಕಂಡರೆ ಆ ಎಲೆ ಕಿತ್ತು ದೂರ ಹಾಕಬೇಕು, ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಬೇಕು. ಎಲೆಯ ಸಂದಿಯಲ್ಲಿ ಸೇರಿ ರಸ ಹೀರುವ ಥ್ರಿಪ್ಸ್ ನುಸಿಗೆ ಬೇವಿನೆಣ್ಣೆಯ ಸಿಂಪಡಣೆ ಮಾಡಬಹುದು, ಹೂ ಅರಳಿದ ಮೇಲೆ ಮಾತ್ರ ಏನನ್ನೂ ಸಿಂಪಡಿಸಬಾರದು, ಜೇನು ಬರುವ ಹೊತ್ತು ಅದು. ಟೊಳ್ಳು ದಂಟು ಗಾಳಿಗೆ ಬೀಳದಂತೆ ಸಾಲಿನ ಎರಡೂ ಬದಿಗೆ ಕೋಲು ನೆಟ್ಟು ಹುರಿ ಎಳೆದರೆ ಸಾಕು. ಮೇ ಫ್ಲವರ್‌ಗೆ ಇಷ್ಟೂ ಬೇಡ. ಅರೆನೆರಳು, ನೀರು ಬಸಿಯುವ ಮಣ್ಣು, ಚಳಿಗಾಲದಲ್ಲಿ ಒಣಗಿಸುವ ಧೈರ್ಯ. ಅದನ್ನು ಪದೇಪದೇ ಕಿತ್ತು ನೆಟ್ಟರೆ ಮುನಿಸಿಕೊಂಡು ಹೂ ಬಿಡುವುದನ್ನೇ ನಿಲ್ಲಿಸುತ್ತದೆ.

ನೀರಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಅದು 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದುಹೋದದ್ದನ್ನು ಈ ಸೀಮೆ ಮರೆತಿಲ್ಲ. ಕಂಪ್ಲಿಯ ಗದ್ದೆ, ಬಾಳೆತೋಟಗಳಿಗೆ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ, ಆದರೆ ಬೇಸಿಗೆಯಲ್ಲಿ ಹೂದೋಟಕ್ಕೆಂದು ಧಾರಾಳವಾಗಿ ನೀರು ಕೇಳುವ ಹಕ್ಕು ನಮಗಿಲ್ಲ. ಹುಲ್ಲುಹಾಸು ದಿನಾ ನೀರು ಕೇಳುತ್ತದೆ. ಒಣಗಾಲವನ್ನು ಮಲಗಿ ಕಳೆಯುವ ಗಡ್ಡೆ ಕೇಳುವುದಿಲ್ಲ. ನಮ್ಮ ಸೀಮೆಯ ಹೂದೋಟಕ್ಕೆ ಗಡ್ಡೆಗಳೇ ತಕ್ಕವು ಎನ್ನುವುದಕ್ಕೆ ಇದು ಕೂಡ ದೊಡ್ಡ ಕಾರಣ.

ಅಣೆಕಟ್ಟಿನ ಕೆಳಗಿನ ಉದ್ಯಾನಕ್ಕೆ, ಮುನಿರಾಬಾದಿನ ಪಂಪಾವನಕ್ಕೆ, ಹಂಪಿಗೆ ಬರುವ ಜನ ದೇಶವಿದೇಶದವರು. ಅಲ್ಲಿ ಎಲ್ಲ ಊರಿನಲ್ಲೂ ಕಾಣುವ ಅದೇ ಹುಲ್ಲು, ಅದೇ ಕತ್ತರಿಸಿದ ಬೇಲಿಗಿಡ ಇರಬೇಕಾಗಿಲ್ಲ. ಉದ್ಯಾನಗಳ ಹೊಣೆ ಹೊತ್ತವರು ಒಂದು ಸಣ್ಣ ಪಾತಿಯನ್ನು ಈ ಪ್ರಯೋಗಕ್ಕೆ ಬಿಟ್ಟುಕೊಡಲಿ. ಫೆಬ್ರುವರಿಯಲ್ಲಿ ಉಳ್ಳಾಗಡ್ಡಿಯ ಬಿಳಿ ಚೆಂಡಿನ ಸಾಲು, ಮರದ ನೆರಳಲ್ಲಿ ಮೇ ತಿಂಗಳ ಕೆಂಪು ಚೆಂಡು, ಅಂಚಿಗೆ ಮಳೆ ಲಿಲ್ಲಿ. ಪಕ್ಕದಲ್ಲಿ ಇದು ಬಳ್ಳಾರಿ ಸೀಮೆಯ ಉಳ್ಳಾಗಡ್ಡಿಯ ಹೂ ಎಂದು ಕನ್ನಡದಲ್ಲಿ ಒಂದು ಫಲಕ. ಶಾಲೆಗಳ ಕೈತೋಟಕ್ಕೂ ಉಳ್ಳಾಗಡ್ಡಿಯ ಸಾಲು ಹೊಂದುತ್ತದೆ, ಗಡ್ಡೆ, ಹೂ, ಜೇನು, ಬೀಜ ಎಲ್ಲವನ್ನೂ ಒಂದೇ ಗಿಡದಲ್ಲಿ ತೋರಿಸಬಹುದು. ಮನೆಯವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ದೀಪಾವಳಿ ಮುಗಿದ ಎರಡು ವಾರದೊಳಗೆ ಬುಟ್ಟಿಯ ತಳದ ಹತ್ತು ಮೊಳಕೆಗಡ್ಡೆಗಳನ್ನು ಆರಿಸಿ ಒಂದು ಸಾಲು ನೆಡಿ, ದಂಟು ಕಂಡಾಗ ಚಿವುಟಬೇಡಿ.